ಹಚ್ಚೆ ಯಾರ ಬರಹ?

ಅಮೆರಿಕಾ, ಇಂಗ್ಲೆಂಡುಗಳಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನೋ ನರರೋಗ ಬಂದ ಎಷ್ಟೋ ಮಂದಿ ಆ ರೋಗವನ್ನೇ ಮೈಮೇಲೆ ಹಚ್ಚೆ ಹುಯ್ಯಿಸಿಕೊಳ್ಳುತ್ತಾರೆ. ಮುಂಗೈ ಮೇಲೆ ಕಿತ್ತಳೆ ಬಣ್ಣದ ಒಂದು ರಿಬ್ಬನ್ನು; ಆ ರೋಗದವರ ಗುರುತಿಗೆ ಅಲ್ಲಿ ಕಿತ್ತಳೆ ಬಣ್ಣ. ಹೆಗಲ ಮೇಲೆ ಒಂದು ಚಿಟ್ಟೆ. ಕತ್ತಿನ ಹಿಂದಿನಿಂದ ಬೆನ್ನಗುಂಟ ಇಳಿಯುವ ಒಂದು ನರದ ಚಿತ್ರ, ಕಿತ್ತ ಗಿಡದ ಬೇರಿನ ಹಾಗೆ. ಡಾಕ್ಟರು ರೋಗದ ಹೆಸರು ಹೇಳಿದ ತಾರೀಖನ್ನೇ ಬರೆಸಿಕೊಂಡವರೂ ಇದ್ದಾರೆ. ಇದನ್ನು ಕೇಳಿದ ನಮ್ಮ ಕಡೆಯವರು ಮೊದಲು ಆಡುವ ಮಾತು: 'ಇದೆಂಥಾ ಹುಚ್ಚು! ಬಂದ ರೋಗ ಸಾಲದು ಅಂತ ಅದನ್ನ ಮೈಮೇಲೂ ಬರೆಸ್ಕೋಬೇಕಾ?' ಆಮೇಲೆ ಎರಡನೇ ಮಾತು: 'ಹೊಟ್ಟೆ ತುಂಬಿದ ದೇಶದವರ ಶೋಕಿ, ಬಿಡಿ.'

ಈ ಎರಡು ಮಾತನ್ನೂ ನಾವು ತಳ್ಳಿಹಾಕೋದಿಲ್ಲ. ಎರಡರಲ್ಲೂ ಒಂದಿಷ್ಟು ನಿಜ ಇದೆ. ಆದರೆ ಮೈಮೇಲೆ ಗುರುತು ಹಾಕುವವರು ಯಾರು, ಹಾಕಿಸಿಕೊಳ್ಳುವವರು ಯಾರು, ಆ ಗುರುತನ್ನು ಓದುವವರು ಯಾರು ಅನ್ನೋ ಪ್ರಶ್ನೆ ನಮಗೆ ಹೊಸದಲ್ಲ. ಈ ದೇಶದಲ್ಲಿ ಮೈಯನ್ನು ನೋಡದೆಯೇ ಮೈಮೇಲೆ ಏನು ಬರೆದಿದೆ ಅಂತ ಓದುವವರು ಸಾವಿರಾರು ವರ್ಷದಿಂದ ಇದ್ದಾರೆ. ಹಾಗಾಗಿ ಈ ಹಚ್ಚೆಯ ವಿಷಯವನ್ನು ಕೊಂಚ ನಿಂತು ನೋಡಬೇಕು.

ಮೊದಲು ರೋಗ ಏನು ಅಂತ ತಿಳಿಯೋಣ. ನಮ್ಮ ಮಿದುಳಿನಿಂದ, ಬೆನ್ನುಹುರಿಯಿಂದ ಮೈಗೆಲ್ಲ ಸುದ್ದಿ ಒಯ್ಯುವ ನರಗಳಿಗೆ ಮೈಲಿನ್ ಅನ್ನೋ ಒಂದು ಕೊಬ್ಬಿನ ಹೊದಿಕೆ ಇದೆ. ಕರೆಂಟಿನ ತಂತಿಗೆ ಸುತ್ತಿದ ಪ್ಲಾಸ್ಟಿಕ್ಕಿನ ಹಾಗೆ. (ಮೈಲಿನ್ ಅಂದ ಕೂಡಲೇ ನಮ್ಮ ಕಿವಿಗೆ ಮೈಲಿಗೆ ಅಂತ ಕೇಳಿಸಿದರೆ ಅದು ಕಿವಿಯ ತಪ್ಪಲ್ಲ, ಊರಿನ ತಪ್ಪು.) ಹೊರಗಿನಿಂದ ಬರುವ ರೋಗಾಣುಗಳ ಮೇಲೆ ಬೀಳಬೇಕಾದ ಮೈಯ ಕಾವಲು ಪಡೆ, ಈ ರೋಗದಲ್ಲಿ ಆ ಹೊದಿಕೆಯ ಮೇಲೆಯೇ ಬೀಳುತ್ತದೆ. ಹೊದಿಕೆ ಕಿತ್ತುಹೋದ ಕಡೆ ಸುದ್ದಿ ತಡವಾಗುತ್ತದೆ, ತಪ್ಪುತ್ತದೆ, ಕೆಲವು ಸಲ ನಿಂತೇ ಹೋಗುತ್ತದೆ. ಕಿತ್ತುಹೋದ ಜಾಗದಲ್ಲಿ ಗಾಯ ಮಾಯ್ದ ಕಲೆಯಂಥದ್ದು ಗಟ್ಟಿಯಾಗಿ ಕೂರುತ್ತದೆ. ಸ್ಕ್ಲೆರೋಸಿಸ್ ಅಂದರೆ ಗಟ್ಟಿಯಾಗುವುದು. ಮಲ್ಟಿಪಲ್ ಅಂದರೆ ಹಲವು. ಹಲವು ಕಡೆ ಗಟ್ಟಿಯಾದ ಗಾಯದ ಕಲೆಗಳು, ಅಷ್ಟೇ ಆ ದೊಡ್ಡ ಹೆಸರಿನ ಅರ್ಥ. ರೋಗದ ಹೆಸರೇ ಒಂದು ಗುರುತಿನ ಹೆಸರು; ಆದರೆ ಆ ಗುರುತು ತಲೆಬುರುಡೆಯ ಒಳಗೆ, ಬೆನ್ನುಮೂಳೆಯ ಒಳಗೆ ಇದೆ. ಯಾರ ಕಣ್ಣಿಗೂ ಬೀಳೋದಿಲ್ಲ.

ಈ ಕಲೆಗಳನ್ನೂ ರೋಗಿಯ ನಡುಕವನ್ನೂ ಒಂದಕ್ಕೊಂದು ಜೋಡಿಸಿ 1868ರಲ್ಲಿ ಈ ರೋಗಕ್ಕೆ ರೂಪ ಕೊಟ್ಟವನು ಪ್ಯಾರಿಸ್ಸಿನ ವೈದ್ಯ ಚಾರ್ಕೋ. ಅವನು ಕೆಲಸ ಮಾಡುತ್ತಿದ್ದದ್ದು ಸಾಲ್ಪೆಟ್ರಿಯೇರ್ ಅನ್ನೋ ಆಸ್ಪತ್ರೆಯಲ್ಲಿ. ಅದು ಬಡ ಹೆಂಗಸರನ್ನು, ಮುದುಕಿಯರನ್ನು, ದಿಕ್ಕಿಲ್ಲದವರನ್ನು ಸಾವಿರಗಟ್ಟಲೆ ತುಂಬಿದ್ದ ಜಾಗ. ವೈದ್ಯಚರಿತ್ರೆಯವರು ಒಂದು ಸಂಗತಿ ಹೇಳುತ್ತಾರೆ. ಚಾರ್ಕೋನ ಮನೆಯಲ್ಲೇ ಕೆಲಸಕ್ಕಿದ್ದ ಒಬ್ಬಳಿಗೆ ಕೈ ನಡುಗುತ್ತಿತ್ತು. ತಟ್ಟೆ ಬಟ್ಟಲು ಒಡೆಯುತ್ತಿದ್ದಳು. ಅವನು ಆಕೆಯನ್ನು ಬಿಡಿಸಲಿಲ್ಲ. ಕರುಣೆಗಿಂತ ಹೆಚ್ಚಾಗಿ, ಆ ನಡುಕವನ್ನು ದಿನಾ ಕಣ್ಣೆದುರಿಗೆ ನೋಡಬೇಕಾಗಿತ್ತು. ಆಕೆ ಸತ್ತ ಮೇಲೆ ಕೊಯ್ದು ನೋಡಿದಾಗ ಕಲೆಗಳು ಸಿಕ್ಕವು. ಇವತ್ತಿಗೂ ವೈದ್ಯರ ಪುಸ್ತಕದಲ್ಲಿ ಈ ರೋಗದ ಮೂರು ಲಕ್ಷಣಗಳಿಗೆ ಚಾರ್ಕೋನ ಹೆಸರಿದೆ. ತಟ್ಟೆ ತೊಳೆದ ಕೈಯ ಹೆಸರು ಯಾವ ಲಕ್ಷಣಕ್ಕೂ ಇಲ್ಲ. ವಿಜ್ಞಾನ ಮುಂದೆ ಹೋಯಿತು, ಅದು ಒಳ್ಳೆಯದೇ. ಆದರೆ ಯಾರ ಮೈಯನ್ನು ಓದಿಕೊಂಡು ಮುಂದೆ ಹೋಯಿತು ಅನ್ನೋದನ್ನೂ ನೆನಪಿಡಬೇಕಾಗುತ್ತದೆ.

ಈಗ ಲೋಕದಲ್ಲಿ 28 ಲಕ್ಷಕ್ಕೂ ಹೆಚ್ಚು ಜನ ಈ ರೋಗದ ಜೊತೆ ಬದುಕುತ್ತಿದ್ದಾರೆ. ಗಂಡಸರಿಗಿಂತ ಹೆಂಗಸರು ಎರಡು ಮೂರು ಪಟ್ಟು. ಹೆಚ್ಚಿನವರಿಗೆ ಗೊತ್ತಾಗುವುದು 20ರಿಂದ 40ರ ವಯಸ್ಸಿನಲ್ಲಿ, ಅಂದರೆ ದುಡಿಯುವ, ಮಕ್ಕಳನ್ನು ಹೆರುವ ಕಾಲಕ್ಕೆ. ಒಂದು ಕಣ್ಣು ಇದ್ದಕ್ಕಿದ್ದಂತೆ ಮಂಜಾಗುತ್ತದೆ. ಕತ್ತು ಬಗ್ಗಿಸಿದರೆ ಬೆನ್ನೊಳಗೆ ಕರೆಂಟು ಹೊಡೆದ ಹಾಗಾಗುತ್ತದೆ. ಕಾಲು ಜೋಮು ಹಿಡಿದು ಬಿಡೋದೇ ಇಲ್ಲ. ಎದೆಗೂಡಿನ ಸುತ್ತ ಯಾರೋ ಹಗ್ಗ ಬಿಗಿದ ಹಾಗೆ. ಬಿಸಿಲಿಗೆ ಹೋದರೆ ಎಲ್ಲವೂ ಜಾಸ್ತಿ. ಇನ್ನು ಆಯಾಸ, ನಿದ್ದೆ ಮಾಡಿದರೂ ಹೋಗದ, ಮೂಳೆಯೊಳಗೆ ಕೂತ ಆಯಾಸ. ಬಹಳಷ್ಟು ಜನರಲ್ಲಿ ಇದು ಬರುತ್ತದೆ, ಕೆಲವು ವಾರಕ್ಕೆ ಇಳಿಯುತ್ತದೆ, ತಿಂಗಳೋ ವರ್ಷವೋ ಕಳೆದು ಮತ್ತೆ ಬರುತ್ತದೆ. ಇಳಿದ ದಿನಗಳಲ್ಲಿ ನೋಡಿದರೆ ಆ ಮನುಷ್ಯ ನಮ್ಮ ನಿಮ್ಮ ಹಾಗೇ ಇರುತ್ತಾನೆ.

ಸಂಕಟ ಶುರುವಾಗುವುದು ಅಲ್ಲಿಯೇ. 'ಚೆನ್ನಾಗೇ ಇದೀಯಲ್ಲ!' ಈ ರೋಗದವರು ಲೋಕದ ಎಲ್ಲ ಭಾಷೆಯಲ್ಲೂ ಕೇಳಿ ಕೇಳಿ ಸಾಕಾದ ಮಾತು ಇದು. ಬೆಳಗ್ಗೆ ನೀರಿನ ಕೊಡ ಹೊತ್ತವಳು ಮಧ್ಯಾಹ್ನ ಎದ್ದು ನಿಲ್ಲಲಾರೆ ಅಂದರೆ ಅತ್ತೆ ನಂಬುವುದಿಲ್ಲ, ಮೇಸ್ತ್ರಿ ನಂಬುವುದಿಲ್ಲ. ತೂರಾಡಿ ನಡೆದರೆ ಕುಡಿದಿದ್ದಾನೆ ಅನ್ನುತ್ತಾರೆ. ಹೆಂಗಸಾದರಂತೂ ಹಿಸ್ಟೀರಿಯಾ ಅಂತ ವೈದ್ಯರೇ ಬರೆದುಕೊಟ್ಟ ಕಾಲವಿತ್ತು. ಚಾರ್ಕೋನ ಅದೇ ಆಸ್ಪತ್ರೆ ಹಿಸ್ಟೀರಿಯಾದ ಹೆಂಗಸರನ್ನು ಸಭೆಯ ಮುಂದೆ ನಿಲ್ಲಿಸಿ ತೋರಿಸುವುದಕ್ಕೂ ಹೆಸರಾಗಿತ್ತು. ನಮ್ಮಲ್ಲಿ ಗಾಳಿ ಹಿಡಿದಿದೆ ಅಂತ ಬೇವಿನ ಸೊಪ್ಪು ತರುತ್ತಾರೆ. ಒಟ್ಟಿನಲ್ಲಿ ನೋವು ಪಡುವವರ ಮಾತಿಗೆ ಬೆಲೆ ಇಲ್ಲ, ಬೇರೆ ಯಾರಾದರೂ ಸಾಕ್ಷಿ ಹೇಳಬೇಕು.

ಸರ್ಕಾರಗಳಿಗೂ ಸಾಕ್ಷಿಯೇ ಬೇಕು. ಬ್ರಿಟನ್ನಿನಲ್ಲಿ 2013ರಲ್ಲಿ ಅಂಗವಿಕಲರ ಭತ್ಯೆಯ ನಿಯಮ ಬದಲಾಯಿಸಿದರು. ಅಲ್ಲಿಯವರೆಗೆ ಸಾಮಾನ್ಯವಾಗಿ 50 ಮೀಟರ್ ನಡಿಗೆಯ ಅಳತೆ ಇತ್ತು, ಅದನ್ನು 20 ಮೀಟರಿಗೆ ಇಳಿಸಿದರು. ಅದಕ್ಕಿಂತ ಹೆಚ್ಚು ನಡೆದರೆ ಓಡಾಟದ ಭತ್ಯೆಯ ಮೇಲಿನ ದರ್ಜೆ ಸಿಗುವುದು ಕಷ್ಟ. ಒಳ್ಳೆಯ ದಿನ 200 ಮೀಟರ್ ನಡೆದು ಕೆಟ್ಟ ದಿನ ಹಾಸಿಗೆ ಬಿಟ್ಟು ಏಳಲಾಗದ ರೋಗಕ್ಕೆ ಟೇಪು ಹಿಡಿದು ಅಳೆದರೆ ಏನು ಸಿಗುತ್ತದೆ? ಅಲ್ಲಿನ ಎಂ.ಎಸ್. ಸೊಸೈಟಿಯವರು ಇದರ ವಿರುದ್ಧ ಕೂಗಾಡಿದರು. ಟೇಪು ಬದಲಾಗಲಿಲ್ಲ.

ಇಂಥವರಲ್ಲಿ ಒಬ್ಬಳು ಹೋಗಿ ಮುಂಗೈ ಮೇಲೆ ಹಚ್ಚೆ ಹಾಕಿಸಿಕೊಂಡು ಬರುತ್ತಾಳೆ ಅಂದುಕೊಳ್ಳಿ. ಆಕೆ ಮಾಡಿದ್ದೇನು? ಕಾಣದ ಕಲೆಗೆ ಕಾಣುವ ಕಲೆಯನ್ನು ಜೊತೆ ಮಾಡಿದಳು. 'ನೋಡಿ, ಇದೆ' ಅಂದಳು. ಇದನ್ನು ಹುಚ್ಚು ಅನ್ನುವ ಮೊದಲು ಆಕೆಗೆ ಹಾಗೆ ಅನ್ನಬೇಕಾದ ಸ್ಥಿತಿ ತಂದವರು ಯಾರು ಅಂತ ಕೇಳಬೇಕು. ಮಾತನ್ನು ನಂಬುವ ಲೋಕದಲ್ಲಿ ಆಕೆ ಚರ್ಮವನ್ನು ಸಾಕ್ಷಿಗೆ ಕರೆಯಬೇಕಾಗಿರಲಿಲ್ಲ.

ಆದರೆ ಪ್ರಶ್ನೆ ಇಲ್ಲಿಗೇ ಮುಗಿಯುವುದಿಲ್ಲ, ಯಾಕೆಂದರೆ ಮೈಮೇಲಿನ ಗುರುತಿಗೆ ಕೆಟ್ಟ ಚರಿತ್ರೆಯಿದೆ. ಸ್ಟಿಗ್ಮಾ ಅನ್ನೋ ಇಂಗ್ಲಿಷ್ ಮಾತನ್ನು ಕಳಂಕ ಅನ್ನೋ ಅರ್ಥದಲ್ಲಿ ಈಗ ಎಲ್ಲರೂ ಬಳಸುತ್ತಾರೆ. ಅದು ಗ್ರೀಕರಿಂದ ಬಂದದ್ದು. ಚುಚ್ಚಿ ಮಾಡಿದ ಗುರುತು ಅಂತ ಅದರ ಮೂಲ ಅರ್ಥ. ಓಡಿಹೋಗಿ ಸಿಕ್ಕಿಬಿದ್ದ ಗುಲಾಮರ ಮೈಮೇಲೆ ಗ್ರೀಕರೂ ರೋಮನ್ನರೂ ಚುಚ್ಚುತ್ತಿದ್ದರು. ಕಳಂಕ ಅನ್ನುವ ಭಾವನೆಗಿಂತ ಮೊದಲು ಸೂಜಿ ಇತ್ತು ಅನ್ನೋದು ಗಮನಿಸಬೇಕಾದ ಮಾತು. ನಮ್ಮ ದೇಶದಲ್ಲೇ ಈಸ್ಟ್ ಇಂಡಿಯಾ ಕಂಪನಿ ಸರ್ಕಾರ 1797ರಲ್ಲಿ ಬಂಗಾಳದಲ್ಲಿ ಒಂದು ಕಾಯಿದೆ ಮಾಡಿತು. ಜೀವಾವಧಿ ಶಿಕ್ಷೆಯಾದ ಕೈದಿಯ ಹಣೆಯ ಮೇಲೆ ಅವನ ಹೆಸರು, ಮಾಡಿದ ಅಪರಾಧ, ಶಿಕ್ಷೆಯಾದ ತಾರೀಖು ಇಷ್ಟನ್ನು ಹಚ್ಚೆ ಹುಯ್ಯುವುದು. ಅದಕ್ಕೆ ಗೋದ್ನಾ ಅಂತ ಹೆಸರು. 1849ರಲ್ಲಿ ಅದನ್ನು ರದ್ದು ಮಾಡಿದರು. ಹಣೆಬರಹ ಅಂತ ನಾವು ಬಾಯಿಮಾತಿಗೆ ಅನ್ನುತ್ತೇವಲ್ಲ, ಅದನ್ನು ಕಂಪನಿ ಸರ್ಕಾರ ಅಕ್ಷರಶಃ ಮಾಡಿ ತೋರಿಸಿತು. ಆಮೇಲೆ ಜರ್ಮನಿಯ ನಾಜಿಗಳು ಆಶ್‌ವಿಟ್ಸ್ ಶಿಬಿರದ ಕೈದಿಗಳ ಮೈಮೇಲೆ ನಂಬರು ಚುಚ್ಚಿದರು. ಅದು ಎಲ್ಲರಿಗೂ ಗೊತ್ತಿರುವ ಕತೆ.

ಹಾಗಾದರೆ ಹಚ್ಚೆ ಅಂದರೆ ಯಜಮಾನನ ಬರಹವೇ? ಅಲ್ಲ ಅನ್ನೋದಕ್ಕೆ ಸಾಕ್ಷಿ ದೂರ ಹುಡುಕಬೇಕಿಲ್ಲ. ಛತ್ತೀಸಗಢದ ರಾಮನಾಮಿಗಳು ಅಸ್ಪೃಶ್ಯರು. ಗುಡಿಯ ಒಳಗೆ ಬಿಡಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಅವರು ರಾಮನ ಹೆಸರನ್ನು ಮುಖ, ಎದೆ, ಕೈಕಾಲು, ಕೆಲವರು ನಾಲಿಗೆಯ ಮೇಲೂ ಹಚ್ಚೆ ಹಾಕಿಸಿಕೊಂಡರು. ಗುಡಿ ಬಾಗಿಲು ಹಾಕಿದರೆ ಚರ್ಮವನ್ನೇ ಗುಡಿ ಮಾಡಿಕೊಂಡರು. ಆ ಹೆಸರಿನ ಬಗ್ಗೆ ನಮ್ಮ ತಕರಾರು ಬೇರೆ ಇದೆ, ಅದು ಇನ್ನೊಂದು ಲೇಖನದ ಮಾತು. ಆದರೆ ಬಾಗಿಲು ಹಾಕಿದವನ ಅಪ್ಪಣೆ ಕೇಳದೆ ಬರೆದುಕೊಂಡರಲ್ಲ, ಆ ಕೆಲಸ ದೊಡ್ಡದು.

ನಮ್ಮ ಅಜ್ಜಿಯರ ಕೈಗಳೂ ಇದ್ದವು. ಕೊರವಂಜಿ ಊರಿಗೆ ಬಂದು ಜಗಲಿಯ ಮೇಲೆ ಕೂತು, ಕಟ್ಟಿದ ಸೂಜಿಗಳನ್ನು ಕಾಡಿಗೆಯ ಮಸಿಯಲ್ಲಿ ಅದ್ದಿ ಚುಚ್ಚುತ್ತಿದ್ದಳು. ಚುಚ್ಚುವಾಗ ಹಾಡು ಹೇಳುತ್ತಿದ್ದಳು, ಹುಡುಗಿ ನೋವು ಮರೆಯಲಿ ಅಂತ. ಕೊನೆಗೆ ಅರಿಸಿನ ಹಚ್ಚಿ ಒಂದು ಸೇರು ರಾಗಿಯನ್ನೋ ಹಳೇ ಸೀರೆಯನ್ನೋ ಇಸಕೊಂಡು ಹೋಗುತ್ತಿದ್ದಳು. ಚೇಳು, ತೊಟ್ಟಿಲು, ಚುಕ್ಕಿ ರಂಗೋಲಿ. ಚಿನ್ನ ಬೆಳ್ಳಿ ಇಲ್ಲದವಳಿಗೆ ಅದೇ ಒಡವೆ. ಸಾಹುಕಾರ ಅಡವಿಟ್ಟುಕೊಳ್ಳಲಾಗದ ಒಡವೆ, ಸತ್ತಾಗ ಜೊತೆಗೆ ಬರುವ ಒಡವೆ ಅಂತ ಹಳ್ಳಿಯವರ ನಂಬಿಕೆ. ಊರಿನ ಹೆಣ್ಣುಮಕ್ಕಳ ಮೈಮೇಲೆ ಹೂ ಬರೆದ ಆ ಕೊರವರ ಹಲವು ಗುಂಪುಗಳನ್ನೇ ಮದ್ರಾಸ್ ಪ್ರಾಂತ್ಯದಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟು ಅಂತ ಪಟ್ಟಿ ಮಾಡಿದರು. ಬರೆದವಳ ಮೇಲೇ ಸರ್ಕಾರ ಗುರುತು ಹಾಕಿತು. ಇನ್ನೊಂದು ಮಾತು. ರೋಗಕ್ಕೂ ಹಚ್ಚೆಗೂ ನಂಟು ಹೊಸದಲ್ಲ. ಆಲ್ಪ್ಸ್ ಪರ್ವತದ ಹಿಮದಲ್ಲಿ 1991ರಲ್ಲಿ ಸಿಕ್ಕ, 5000 ವರ್ಷಕ್ಕೂ ಹಿಂದಿನ ಹೆಣದ ಮೇಲೆ 61 ಹಚ್ಚೆಗಳಿವೆ. ಬಹಳಷ್ಟು ಗೆರೆಗಳು ಸೊಂಟ, ಮಂಡಿ, ಹರಡಿನ ಹತ್ತಿರ, ಸವೆದ ಕೀಲುಗಳ ಆಸುಪಾಸು. ನೋವಿಗೆ ಮದ್ದು ಅಂತ ಚುಚ್ಚಿರಬೇಕು ಅಂತ ಬಲ್ಲವರು ಊಹಿಸುತ್ತಾರೆ.

ಹೀಗೆ ಸೂಜಿ ಒಂದೇ, ಮಸಿ ಒಂದೇ. ಹಿಡಿದ ಕೈ ಯಾರದು, ಯಾರ ಒಪ್ಪಿಗೆಯ ಮೇಲೆ ಚುಚ್ಚಿತು ಅನ್ನೋದರ ಮೇಲೆ ಎಲ್ಲ ನಿಂತಿದೆ. ಎಂ.ಎಸ್. ರೋಗದವಳ ವಿಷಯಕ್ಕೆ ಇದನ್ನು ಹಚ್ಚಿ ನೋಡಿ. ರೋಗ ಆಕೆಯ ಮೈಯೊಳಗೆ ಕೇಳದೆ ಬರೆಯಿತು. ಯಾವಾಗ ಬರೆಯುತ್ತದೆ, ಎಲ್ಲಿ ಬರೆಯುತ್ತದೆ, ಕಣ್ಣಿನ ನರವೋ ಕಾಲಿನದೋ, ಯಾವುದೂ ಆಕೆಯ ಕೈಯಲ್ಲಿಲ್ಲ. ಹಚ್ಚೆಯವನ ಮುಂದೆ ಕೂತಾಗ ಮಾತ್ರ ಇಲ್ಲಿ ಅಂತ ಜಾಗ ತೋರಿಸುವವಳು ಆಕೆ. ಸಾಕು, ನಿಲ್ಲಿಸು ಅಂದರೆ ಸೂಜಿ ನಿಲ್ಲುತ್ತದೆ. ಎಷ್ಟೋ ವರ್ಷದ ನಂತರ ಆಕೆಯ ಮಾತು ಕೇಳುವ ಒಂದು ನೋವು. ಇದು ಸಣ್ಣ ಸಂಗತಿಯಲ್ಲ ಅಂತ ನಮಗನ್ನಿಸುತ್ತದೆ. ಜೋಮು ಹಿಡಿದ ಕಾಲಿನ ಮೇಲೆ ಹಾಕಿಸಿಕೊಂಡರೆ ಚುಚ್ಚಿದ್ದೇ ತಿಳಿಯದೆ ಹೋಗಬಹುದು, ಅಥವಾ ಚುಚ್ಚಿದ್ದಕ್ಕಿಂತ ಹತ್ತು ಪಟ್ಟು ಉರಿಯಬಹುದು. ಅದೂ ರೋಗದ ಆಟವೇ.

ಇಲ್ಲೊಂದು ವಿಚಿತ್ರವಿದೆ. ಹಚ್ಚೆ ಯಾಕೆ ಅಳಿಸಿಹೋಗುವುದಿಲ್ಲ? ಫ್ರಾನ್ಸಿನ ಮಾರ್ಸೇಲ್ಸಿನಲ್ಲಿ ಇಲಿಗಳ ಮೇಲೆ ಪರೀಕ್ಷೆ ಮಾಡಿ 2018ರಲ್ಲಿ ಅದನ್ನು ತೋರಿಸಿದರು. ಚರ್ಮದೊಳಗೆ ಹೋದ ಮಸಿಯನ್ನು ಮೈಯ ಕಾವಲು ಪಡೆಯ ಕಣಗಳು ನುಂಗುತ್ತವೆ. ಜೀರ್ಣಿಸಿಕೊಳ್ಳಲಾರವು, ಹಾಗೇ ಹಿಡಿದುಕೊಂಡು ಕೂರುತ್ತವೆ. ಆ ಕಣ ಸತ್ತರೆ ಮಸಿ ಬೀಳುತ್ತದೆ, ಹೊಸದಾಗಿ ಬಂದ ಕಣ ಅದನ್ನು ಮತ್ತೆ ನುಂಗಿ ಹಿಡಿದುಕೊಳ್ಳುತ್ತದೆ. ಮ್ಯಾಕ್ರೋಫೇಜ್ ಅಂತ ಆ ಕಣದ ಹೆಸರು. ಎಂ.ಎಸ್. ರೋಗದಲ್ಲಿ ನರದ ಹೊದಿಕೆಯನ್ನು ನುಂಗುವ ಕಣಗಳಲ್ಲೂ ಅದೇ ಜಾತಿಯವು ಇವೆ. ಒಳಗೆ ಕೇಳದೆ ಕಲೆ ಮಾಡಿದ ಪಡೆಗೇ ಹೊರಗೆ ಕೇಳಿದ ಕಲೆಯನ್ನು ಕಾಯುವ ಕೆಲಸ. ಇದರಿಂದ ರೋಗ ವಾಸಿಯಾಗುವುದಿಲ್ಲ. ಆದರೆ ಈ ಮೈ ನನ್ನ ಶತ್ರು ಅಂತ ಬೇಸತ್ತವರು ಇದನ್ನೊಮ್ಮೆ ಯೋಚಿಸಬಹುದು.

ಶತ್ರು ಅನ್ನೋ ಮಾತು ಬಂದಿದ್ದರಿಂದ ಹಚ್ಚೆಗಳ ಬಗ್ಗೆ ನಮ್ಮ ಅಭಿಪ್ರಾಯವನ್ನೂ ಹೇಳಿಬಿಡುತ್ತೇವೆ. ಕತ್ತಿ, ಗುರಾಣಿ, ಯೋಧ, ಹೋರಾಟಗಾರ್ತಿ ಅಂತ ಬರೆಸಿಕೊಳ್ಳುವವರು ಬಹಳ. ಹೋರಾಟದ ಮಾತನ್ನು ನಾವು ಬೇಡ ಅನ್ನುತ್ತೇವೆಯೇ ಅಂತ ಆಶ್ಚರ್ಯಪಡಬೇಡಿ. ಹೋರಾಟಕ್ಕೆ ಎದುರಾಳಿ ಬೇಕು. ಇಲ್ಲಿ ಯಾರ ಮೇಲೆ ಯುದ್ಧ? ನಮ್ಮದೇ ಕಾವಲು ಪಡೆಯ ಮೇಲೆ? ಯುದ್ಧ ಅಂದಮೇಲೆ ಗೆದ್ದವರು ಸೋತವರು ಇರಲೇಬೇಕು. ರೋಗ ಹೆಚ್ಚಾಗಿ ಗಾಲಿಕುರ್ಚಿಗೆ ಬಂದವಳು ಸೋತವಳೇ? ಆಕೆಯ ಧೈರ್ಯ ಕಡಿಮೆ ಆಯಿತೇ? ಅಮೆರಿಕಾದ ಲೇಖಕಿ ಸುಸಾನ್ ಸೊಂಟಾಗ್ ತಾನು ಕ್ಯಾನ್ಸರಿನಿಂದ ನರಳಿದ ಮೇಲೆ 1978ರಲ್ಲಿ ಒಂದು ಪುಸ್ತಕ ಬರೆದಳು, ರೋಗಕ್ಕೆ ರೂಪಕ ಹೊದಿಸುವುದನ್ನೇ ಪ್ರಶ್ನೆ ಮಾಡಿ. ಕ್ಷಯಕ್ಕೂ ಕ್ಯಾನ್ಸರಿಗೂ ಆಕೆ ಆಡಿದ ಮಾತು ಇಲ್ಲಿಗೂ ಸಲ್ಲುತ್ತದೆ. ರೋಗಿಗೆ ಶೌರ್ಯದ ಹೊರೆ ಹೊರಿಸುವುದು, ಅವಳ ಸಂಕಟವನ್ನು ಅವಳ ಗುಣದ ಪರೀಕ್ಷೆ ಮಾಡುವುದು ಅನ್ಯಾಯ.

ರಿಬ್ಬನ್ನಿನ ಬಗ್ಗೆಯೂ ನಮಗೆ ಅನುಮಾನವಿದೆ. ಒಂದೊಂದು ರೋಗಕ್ಕೆ ಒಂದೊಂದು ಬಣ್ಣ ಅಂತ ಹಂಚಿಕೊಂಡು ಬನಿಯನ್ನು, ಲೋಟ, ಬ್ಯಾಡ್ಜು ಮಾರುವ ಅಂಗಡಿಗಳು ಅಲ್ಲಿ ಬೇಕಾದಷ್ಟು. ಆದರೂ ಒಂದು ಮಾತು ಒಪ್ಪಬೇಕು. ಬಸ್ಸಿನಲ್ಲಿ ಎದುರು ಕೂತವಳ ಕೈಯಲ್ಲಿ ಅದೇ ಕಿತ್ತಳೆ ಗುರುತು ಕಂಡಾಗ ಮಾತೇ ಇಲ್ಲದೆ ಒಬ್ಬರಿಗೊಬ್ಬರು ಗೊತ್ತಾಗುತ್ತಾರೆ. ಎದೆಯ ಮೇಲೆ ಜೈ ಭೀಮ್ ಅಂತ ಹಚ್ಚೆ ಹಾಕಿಸಿಕೊಂಡ ನಮ್ಮ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮಗೆ ಹಿಡಿಸಿದ್ದು ನಗುವ ಹಚ್ಚೆಗಳು. 'ಕೀಪ್ ಸ್ಮೈಲಿಂಗ್', ನಗುತ್ತಿರು ಅನ್ನೋ ಹಳಸಲು ಬುದ್ಧಿಮಾತಿನೊಳಗೆ ಮೈಲಿನ್ ಅನ್ನೋ ಪದವನ್ನು ತುರುಕಿ 'ಕೀಪ್ ಸ್ಮೈಲಿನ್' ಅಂತ ಬರೆಸಿಕೊಳ್ಳುತ್ತಾರೆ. ಹೊದಿಕೆ ಕಿತ್ತುಹೋದವರು ಹೊದಿಕೆಯ ಮೇಲೇ ಮಾಡಿದ ತಮಾಷೆ. ಕೆಲವರ ಕೈಮೇಲೆ ಒಂದು ಚಮಚದ ಚಿತ್ರ ಇರುತ್ತದೆ. ಲೂಪಸ್ ಅನ್ನೋ ಇನ್ನೊಂದು ರೋಗ ಇದ್ದ ಕ್ರಿಸ್ಟೀನ್ ಮಿಸರಾಂಡಿನೋ 2003ರಲ್ಲಿ ಬರೆದ ಬರಹದಿಂದ ಅದು ಹರಡಿತು. ದಿನಕ್ಕೆ ಇಷ್ಟೇ ಚಮಚ ಶಕ್ತಿ. ಸ್ನಾನಕ್ಕೆ ಒಂದು ಹೋಯಿತು, ಅಡುಗೆಗೆ ಎರಡು ಹೋಯಿತು, ಸಂಜೆಗೆ ಏನೂ ಉಳಿಯಲಿಲ್ಲ. ಕೂಲಿಯ ಅಕ್ಕಿಯನ್ನು ಪಾವು ಅಚ್ಚೇರಲ್ಲಿ ಅಳೆದು ವಾರ ನೂಕುವ ಮನೆಯವರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ. ಅಮೆರಿಕಾದ ಕಪ್ಪು ನಗೆಗಾರ ರಿಚರ್ಡ್ ಪ್ರಯರಿಗೆ 1986ರಲ್ಲಿ ಈ ರೋಗ ಅಂತ ಗೊತ್ತಾಯಿತು. ನಿಲ್ಲಲಾಗದೆ ಹೋದ ಮೇಲೂ ಕುರ್ಚಿಯಲ್ಲಿ ಕೂತು ತನ್ನ ರೋಗವನ್ನೇ ಆಡಿಕೊಂಡು ಜನರನ್ನು ನಗಿಸಿದ. ನಟಿ ಕ್ರಿಸ್ಟೀನಾ ಆಪಲ್‌ಗೇಟ್ 2023ರಲ್ಲಿ ಒಂದು ದೊಡ್ಡ ಪ್ರಶಸ್ತಿ ಸಮಾರಂಭಕ್ಕೆ ಬಂದಾಗ ಆಕೆಯ ಕೈಕೋಲಿನ ಮೇಲೆ ಎಂ.ಎಸ್.ಗೆ ಇಂಗ್ಲಿಷಿನ ಒಂದು ಪೋಲಿ ಬೈಗುಳ ಇತ್ತು. ಮಾರಿಯನ್ನು ಹಾಡಿ ಹೊಗಳುತ್ತಲೇ ಎದುರಿಗೆ ಬೈದು ಜಗಳಾಡುವ ನಮ್ಮ ಹೆಂಗಸರಿಗೆ ಆಕೆ ದೂರದವಳು ಅನ್ನಿಸಲಾರಳು.

ಈಗ ಅರ್ಥದ ಮಾತು. ಇವುಗಳನ್ನು ಅರ್ಥವುಳ್ಳ ಹಚ್ಚೆಗಳು ಅಂತ ಕರೆಯುತ್ತಾರೆ. ನೋವಿಗೆ ಅರ್ಥ ಇದೆಯೇ? ನಮ್ಮ ನಾಡಿನಲ್ಲಿ ಇದಕ್ಕೆ ರೆಡಿಯಾದ ಉತ್ತರ ಉಂಟು. ಹಿಂದಿನ ಜನ್ಮದಲ್ಲಿ ಮಾಡಿದ್ದು, ಈಗ ಉಣ್ಣಬೇಕು. ಈ ಉತ್ತರದ ರುಚಿ ನಮಗೆ ಚೆನ್ನಾಗಿ ಗೊತ್ತು. ಹೊಲಗೇರಿಗೆ ಕೊಟ್ಟ ಉತ್ತರವೂ ಇದೇ, ಕುಷ್ಠರೋಗಿಗೆ ಕೊಟ್ಟದ್ದೂ ಇದೇ. ಅದು ಕಾರಣವನ್ನೂ ಅರ್ಥವನ್ನೂ ಕಲಸಿ ಒಂದೇ ಮುದ್ದೆ ಮಾಡುತ್ತದೆ. ಕಾರಣ ಬೇರೆ, ಅರ್ಥ ಬೇರೆ. ಕಾರಣ ಹುಡುಕುವುದು ವಿಜ್ಞಾನದ ಕೆಲಸ, ಅದು ಹುಡುಕುತ್ತಾ ಇದೆ. 2022ರಲ್ಲಿ ಅಮೆರಿಕಾದ ಒಂದು ಕೋಟಿಗೂ ಹೆಚ್ಚು ಸೈನಿಕರ ದಾಖಲೆಗಳನ್ನು ಆಧರಿಸಿದ ಅಧ್ಯಯನ ಒಂದು ಬಂತು. ಎಪ್ಸ್ಟೈನ್ ಬಾರ್ ಅನ್ನೋ ವೈರಸ್ಸು ತಗುಲಿದ ಮೇಲೆ ಈ ರೋಗ ಬರುವ ಸಂಭವ 32 ಪಟ್ಟು ಹೆಚ್ಚುತ್ತದೆ ಅಂತ ಅದು ಕಂಡಿತು. ಆ ವೈರಸ್ಸು ಲೋಕದ ಬಹುಪಾಲು ದೊಡ್ಡವರ ಮೈಯಲ್ಲಿದೆ, ರೋಗ ಬರುವುದು ಕೆಲವರಿಗೆ ಮಾತ್ರ. ವಂಶವಾಹಿ, ಬೀಡಿ ಸಿಗರೇಟು, ಬಿಸಿಲಿನಿಂದ ಸಿಗುವ ಡಿ ವಿಟಮಿನ್ನಿನ ಕೊರತೆ ಇವೂ ಸೇರುತ್ತವೆ. ಈ ಪಟ್ಟಿಯಲ್ಲಿ ಎಲ್ಲೂ ಪಾಪ ಇಲ್ಲ. ಬಹಳ ಕಾಲ ಇದು ಬಿಳಿಯರ ರೋಗ ಅಂತ ವೈದ್ಯರು ನಂಬಿದ್ದರು. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಎಣಿಸಿ ನೋಡಿ 2013ರಲ್ಲಿ ಪ್ರಕಟಿಸಿದಾಗ ಹೊಸದಾಗಿ ರೋಗ ಬೀಳುವುದು ಕಪ್ಪು ಹೆಂಗಸರಲ್ಲೇ ಬಿಳಿಯ ಹೆಂಗಸರಿಗಿಂತ ಹೆಚ್ಚು ಅಂತ ಗೊತ್ತಾಯಿತು. ಎಣಿಸದವರ ರೋಗ ಲೆಕ್ಕಕ್ಕೆ ಬರುವುದಿಲ್ಲ, ಅಷ್ಟೇ.

ಅರ್ಥ ಮಾತ್ರ ರೋಗದ ಒಳಗೆ ಎಲ್ಲೂ ಅಡಗಿ ಕೂತಿಲ್ಲ. ಕಿತ್ತುಹೋದ ಹೊದಿಕೆಗೆ ಯಾವ ಅರ್ಥ? ರೋಗ ನನಗೆ ಪಾಠ ಕಲಿಸಿತು, ರೋಗ ಬಂದದ್ದೇ ಒಳ್ಳೆಯದಾಯಿತು ಅಂತ ಬರೆಸಿಕೊಂಡವರನ್ನು ಕಂಡಾಗ ನಮಗೆ ಮುಜುಗರವಾಗುತ್ತದೆ. ಅದು ಕರ್ಮದ ಮಾತಿನ ಇನ್ನೊಂದು ಮಗ್ಗುಲು. ತುಳಿತದಿಂದ ನಾವು ಗಟ್ಟಿಯಾದೆವು, ಆದ್ದರಿಂದ ತುಳಿತವೂ ಒಳ್ಳೆಯದೇ ಅಂತ ಯಾರಾದರೂ ಅಂದರೆ ಒಪ್ಪುತ್ತೇವೆಯೇ? ಆದರೆ ಅದೇ ಮನುಷ್ಯರು ಆ ತಾರೀಖನ್ನು, ಬರೀ ತಾರೀಖನ್ನು ಬರೆಸಿಕೊಂಡಾಗ ಬೇರೆ ಏನೋ ಆಗುತ್ತದೆ. ಅದರಲ್ಲಿ ಹೊಗಳಿಕೆ ಇಲ್ಲ, ಶಾಪ ಇಲ್ಲ. ಕಂಪನಿ ಸರ್ಕಾರವೂ ತಾರೀಖನ್ನೇ ಬರೆದಿತ್ತು, ಇನ್ನು ಮುಂದೆ ನೀನು ಇಷ್ಟೇ ಅಂತ. ಈಕೆ ಬರೆಸಿಕೊಂಡದ್ದು ಇದು ಆಯಿತು, ಆಮೇಲೂ ನಾನಿದ್ದೇನೆ ಅಂತ. ಓದುವವರ ಕಣ್ಣಿಗೆ ಎರಡೂ ಒಂದೇ ಅಂಕಿ. ಆ ಅರ್ಥ ರೋಗ ಕೊಟ್ಟದ್ದಲ್ಲ, ಆಕೆ ಹಾಕಿದ್ದು.

ಇದನ್ನೆಲ್ಲ ಹೇಳಿದ ಮೇಲೂ ಒಂದು ಎಚ್ಚರ ಬೇಕು. ಗುರುತು ಹಾಕಿಸಿಕೊಳ್ಳುವ ಹಕ್ಕಿನ ಹಾಗೆ ಹೇಳದೇ ಇರುವ ಹಕ್ಕೂ ಇದೆ. ಮುಂಗೈ ಮೇಲಿನ ರಿಬ್ಬನ್ನನ್ನು ಗೆಳತಿ ಮಾತ್ರ ಓದುವುದಿಲ್ಲ, ಕೆಲಸ ಕೊಡುವವನೂ ಓದುತ್ತಾನೆ, ಹೆಣ್ಣು ನೋಡಲು ಬಂದವರೂ ಓದುತ್ತಾರೆ. ಪಟ್ಟಣದಲ್ಲಿ ಬಾಡಿಗೆ ಮನೆಗಾಗಿ ಜಾತಿಯ ಹೆಸರು ನುಂಗಿಕೊಂಡವರನ್ನು ನಾವು ಹೇಡಿಗಳು ಅಂತ ಕರೆಯಲಾರೆವು. ಹಾಗೆಯೇ ರೋಗವನ್ನು ಮುಚ್ಚಿಟ್ಟುಕೊಂಡು ದುಡಿಯುವವಳನ್ನೂ ಕರೆಯಲಾರೆವು. ತೋರಿಸುವುದೇ ಧೈರ್ಯ ಅಂತ ಹೊಸ ಕಟ್ಟಳೆ ಮಾಡಿದರೆ ಹಚ್ಚೆ ಮತ್ತೆ ಗೋದ್ನಾ ಆಗುತ್ತದೆ. ಜೊತೆಗೆ ದೇಹದ ಲೆಕ್ಕವೂ ಇದೆ. ಕಾವಲು ಪಡೆಯನ್ನು ತಗ್ಗಿಸುವ ಔಷಧಿ ತೆಗೆದುಕೊಳ್ಳುವವರಿಗೆ ಸೂಜಿಯಿಂದ ಸೋಂಕು ಹತ್ತುವ ಭಯ ಹೆಚ್ಚು, ಡಾಕ್ಟರನ್ನು ಕೇಳದೆ ಕೂರಬಾರದು. ಕೆಲವು ಮಸಿಗಳಲ್ಲಿ ಕಬ್ಬಿಣದ ಅಂಶ ಇರುವುದರಿಂದ ಎಂ.ಆರ್.ಐ. ಯಂತ್ರದಲ್ಲಿ ಚರ್ಮ ಬಿಸಿಯಾದೀತು ಅಂತ ಹೆದರಿಸುತ್ತಾರೆ. ಅಂಥದ್ದು ಆಗುವುದು ಬಹಳ ಅಪರೂಪ. ಆದರೆ ವರ್ಷ ವರ್ಷ ಆ ಯಂತ್ರದೊಳಗೆ ಮಲಗಬೇಕಾದವರು ಹಚ್ಚೆ ಇದೆ ಅಂತ ಮೊದಲೇ ಹೇಳುವುದು ಒಳ್ಳೆಯದು.

ಇನ್ನು ಆ ಎರಡನೇ ಮಾತು, ಹೊಟ್ಟೆ ತುಂಬಿದವರ ಶೋಕಿ ಅನ್ನೋದು. ಹಚ್ಚೆ ಶೋಕಿ ಇರಬಹುದು, ರೋಗ ಶೋಕಿಯಲ್ಲ. ಅಮೆರಿಕಾದಲ್ಲಿ 1990ರ ದಶಕದಲ್ಲಿ ಈ ರೋಗದ ಮೊದಲ ಔಷಧಿಗಳು ಬಂದಾಗ ವರ್ಷಕ್ಕೆ 8ರಿಂದ 11 ಸಾವಿರ ಡಾಲರ್ ಬೆಲೆ ಇತ್ತು. 2013ರ ಹೊತ್ತಿಗೆ ಅವೇ ಔಷಧಿಗಳಿಗೆ ಸುಮಾರು 60 ಸಾವಿರ. ಹೊಸ ಔಷಧಿ ಬಂದ ಹಾಗೆಲ್ಲ ಹಳೆಯದರ ಬೆಲೆ ಇಳಿಯಬೇಕಿತ್ತು, ಏರಿತು. ಹೊಟ್ಟೆ ತುಂಬಿದ ದೇಶದಲ್ಲೂ ಅರ್ಧ ಡೋಸು ನುಂಗುವವರಿದ್ದಾರೆ. ಅಂಥವರಿಗೆ ಹಚ್ಚೆ ಒಂದೇ ಸಲ ದುಡ್ಡು ಕೊಟ್ಟು ಸಾಯುವವರೆಗೂ ಇಟ್ಟುಕೊಳ್ಳಬಹುದಾದ ವಸ್ತು. ವಿಶ್ವ ಆರೋಗ್ಯ ಸಂಸ್ಥೆ ತನ್ನ ಅಗತ್ಯ ಔಷಧಿಗಳ ಪಟ್ಟಿಗೆ ಈ ರೋಗದ ಮೂರು ಮದ್ದುಗಳನ್ನು ಮೊದಲ ಸಲ ಸೇರಿಸಿದ್ದು 2023ರಲ್ಲಿ. ಅದರಲ್ಲಿ ರಿಟುಕ್ಸಿಮ್ಯಾಬ್ ಅನ್ನೋದು ನಮ್ಮ ದೇಶದಲ್ಲೇ 2007ರಿಂದ ತಯಾರಾಗುತ್ತಿದೆ, ಬೇರೆ ರೋಗಗಳಿಗೆ ಅಂತ ಶುರುವಾಗಿ.

ನಮ್ಮ ಕಡೆ ಈ ರೋಗ ಕಡಿಮೆ ಅನ್ನುತ್ತಾರೆ. ಕಡಿಮೆಯೋ, ಹೆಸರು ಸಿಗದೆ ಹೋಗಿದೆಯೋ ಅಂತ ಹೇಳುವುದಕ್ಕೆ ತಾಲ್ಲೂಕು ಆಸ್ಪತ್ರೆಯಲ್ಲಿ ಎಂ.ಆರ್.ಐ. ಯಂತ್ರ ಇರಬೇಕಾಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಹೆಸರಿಸಿದೆ, ಅದರಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆ. ಆದರೆ ಮೀಸಲಾತಿಯಂಥ ಸೌಲಭ್ಯಕ್ಕೆ ಶೇಕಡಾ 40 ವೈಕಲ್ಯ ಅಂತ ಸರ್ಟಿಫಿಕೇಟು ಬೇಕು. ನಮ್ಮ ಟೇಪೂ ಟೇಪೇ. ಹಳ್ಳಿ ಶಾಲೆಯ ಮೇಷ್ಟ್ರುಗಳು, ಸಂಘಟನೆಯ ಹುಡುಗರು ಇದನ್ನು ಗಮನದಲ್ಲಿಡಬೇಕು. ನಿಮ್ಮೂರಲ್ಲಿ ಹರೆಯದ ಒಬ್ಬಳಿಗೆ ಒಂದು ಕಣ್ಣು ದಿಢೀರ್ ಅಂತ ಮಂಜಾಗಿ ಕೆಲವು ವಾರಕ್ಕೆ ಸರಿಹೋಗಿ, ಮತ್ತೊಂದು ವರ್ಷ ಕಾಲು ಜೋಮು ಹಿಡಿದರೆ, ಗಾಳಿ ಅಂತ ಬಿಡಿಸಲು ಕರೆದೊಯ್ಯುವ ಮೊದಲು ಬೆಂಗಳೂರಿನ ನಿಮ್ಹಾನ್ಸೋ ಹತ್ತಿರದ ಮೆಡಿಕಲ್ ಕಾಲೇಜೋ, ನರರೋಗದ ವೈದ್ಯರ ಹತ್ತಿರ ಒಯ್ಯಿರಿ. ಸರ್ಟಿಫಿಕೇಟಿಗೆ ಹೋಗುವಾಗ ಹಳೆಯ ಸ್ಕ್ಯಾನಿಂಗಿನ ಫಿಲ್ಮು, ಹಿಂದೆ ಕಣ್ಣು ಹೋದಾಗಿನ ಚೀಟಿ, ಅಡ್ಮಿಟ್ ಆದ ತಾರೀಖುಗಳು ಎಲ್ಲ ಜೊತೆಗಿರಲಿ. ಯಾಕೆಂದರೆ ಆ ದಿನ ಬೆಳಗ್ಗೆ ಆಕೆ ನೆಟ್ಟಗೆ ನಡೆದುಕೊಂಡೇ ಒಳಗೆ ಹೋಗಬಹುದು, ಮೇಜಿನ ಹಿಂದೆ ಕೂತವರು ತಲೆಯೆತ್ತಿ ನೋಡಿ ಚೆನ್ನಾಗೇ ಇದೀಯಲ್ಲಮ್ಮ ಅಂದುಬಿಡಬಹುದು.